ಗ್ಲಾಸ್ ತೆಗಿ

ಹಾಸ್ಟೆಲ್
ಆಗಸ್ಟ್ 4

ಗುಡುಗು,

ಕಾಗದ ಬರೆಯುತ್ತಿರುವುದಕ್ಕೇ ಸಾರಿ. ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಚಿಕ್ಕಮ್ಮನ ಫೋನಿಗೆ ಮಾಡಿದರೆ "ಅವಳು ಮಲಗಿದಾಳಮ್ಮ" ಅಂತ ಬೆಳಗ್ಗೆಯೂ ಹೇಳುತ್ತಾರೆ, ಸಂಜೆಯೂ ಹೇಳುತ್ತಾರೆ. ಅಷ್ಟು ನಿದ್ದೆ ಮಾಡುವವಳಲ್ಲ ನೀನು. ಅದಕ್ಕೇ ಕಾಗದ. ನನ್ನ ಕಾಗುಣಿತ ನೋಡಿ ನಗಬೇಡ. ಆರನೇ ವಯಸ್ಸಿನಿಂದ ಇಂಗ್ಲಿಷ್ ಹಾಸ್ಟೆಲಿನಲ್ಲಿ ಬಿದ್ದಿದ್ದವಳಿಗೆ ಇಷ್ಟು ಬರುವುದೇ ಹೆಚ್ಚು ಅಂತ ನೀನೇ ಎಲ್ಲರ ಮುಂದೆ ಹೇಳಿದ್ದೆ.

ನೀನು ಜ್ವರ ಅಂತ ಊರಿಗೆ ಹೋದ ಮಾರನೇ ದಿನ ಸ್ಕೇಲ್ ಸರ್ ನನ್ನನ್ನು ಲ್ಯಾಬಿಗೆ ಕರೆಸಿದರು. ಕೈಯಲ್ಲಿ ಆ ಉದ್ದದ ಸ್ಕೇಲ್ ಇತ್ತು, ಎಂದಿನಂತೆ. ನಾವಿಬ್ಬರೂ ಮಾಡಿದ ಪೀನ ಮಸೂರದ ಪ್ರಯೋಗದ ರೀಡಿಂಗ್‌ಗಳ ಮೇಲೆ ಅದನ್ನು ತಟ್ಟಿ, "ಇದನ್ನ ಎಲ್ಲಿಂದ ಕದ್ರಿ?" ಅಂದರು.

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಅದೇ ಮಸೂರವನ್ನು ಸ್ಟ್ಯಾಂಡಿಗೆ ಹಾಕಿದರು. ಈ ಕಡೆ ಬಲ್ಬನ್ನು ನಲವತ್ತು ಸೆಂಟಿಮೀಟರ್ ದೂರಕ್ಕೆ ಇಟ್ಟು ಆ ಕಡೆ ಪರದೆ ಸರಿಸಿದರು. ಬಿಂಬ ಚೊಕ್ಕವಾಗಿ ಮೂಡಿದ್ದು ನಲವತ್ತಕ್ಕೆ. ನಾವು ಬರೆದಿದ್ದು ನಲವತ್ತೊಂದು. ಬಲ್ಬ್ ಅರವತ್ತಕ್ಕೆ ಹೋಯಿತು, ಬಿಂಬ ಮೂವತ್ತಕ್ಕೆ ಬಂತು. ನಮ್ಮದು ಮೂವತ್ತೊಂದು.

"ತಪ್ಪು ಮಾಡೋರದ್ದು ಒಂದ್ಸಲ ಆ ಕಡೆ ಹೋಗತ್ತೆ, ಒಂದ್ಸಲ ಈ ಕಡೆ. ನಿಮ್ದು ನೋಡು, ಎಲ್ಲಾ ಕಡೆ ಒಂದೊಂದೇ ಸೆಂಟಿಮೀಟರ್ ಜಾಸ್ತಿ. ಹೋದ ವರ್ಷದ ಸ್ಟ್ಯಾಂಡಲ್ಲಿ ಮುಳ್ಳು ಸೊಟ್ಟ ಇತ್ತು, ಆ ಬ್ಯಾಚಿನೋರದ್ದೆಲ್ಲ ಹೀಗೇ ಒಂದು ಜಾಸ್ತಿ ಬರ್ತಿತ್ತು. ಈ ವರ್ಷದ್ದು ಹೊಸ ಸ್ಟ್ಯಾಂಡು. ಕಾಪಿ ಹೊಡೆಯೋರು ಹಳೇ ಸ್ಟ್ಯಾಂಡನ್ನೂ ತಂದಿಟ್ಕೋಬೇಕಿತ್ತು ಕಣಮ್ಮ."

ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ನಾನು ಸಾರಿ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಅವರಿಗೆ ಅದು ಒಪ್ಪಿಕೊಂಡ ಹಾಗೆ ಕೇಳಿಸಿತು.

ಸೆಪ್ಟೆಂಬರ್ 12ಕ್ಕೆ ವಿಚಾರಣೆ. ಕದ್ದದ್ದು ಅಂತ ತೀರ್ಮಾನವಾದರೆ ಈ ವರ್ಷ ಹೋಗುತ್ತದೆ, ಜೊತೆಗೆ ಹಾಸ್ಟೆಲ್ ಸೀಟೂ ಹೋಗುತ್ತದೆ. ನಿನಗೆ ವಾಪಸ್ ಹೋಗಲು ಮನೆಯಿದೆ. ಅಮ್ಮನ ನರ್ಸ್ ಕ್ವಾರ್ಟರ್ಸಿನಲ್ಲಿ ಒಂದೇ ಮಂಚ, ಅದರಲ್ಲಿ ಅವಳು ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಾಳೆ. ನನಗೆ ಈ ಹಾಸ್ಟೆಲ್ ಬಿಟ್ಟರೆ ಬೇರೆ ಕೋಣೆಯೇ ಇಲ್ಲ.

ಒಂದೇ ಪ್ರಶ್ನೆ. ಅವತ್ತು ನೀನು ಓದಿ ಹೇಳಿದೆ, ನಾನು ತಲೆ ಬಗ್ಗಿಸಿ ಬರೆದೆ. ಚಿತ್ರ ನಕಲು ಮಾಡಲು ಅಂತ ನೀನು ತಂದಿದ್ದ ಹೋದ ವರ್ಷದ ಸೀನಿಯರ್ ರೆಕಾರ್ಡ್ ಪುಸ್ತಕ ನಿನ್ನ ಮೊಣಕೈ ಹತ್ತಿರವೇ ಇತ್ತು. ನೀನು ಸ್ಕೇಲ್ ನೋಡಿ ಓದಿದೆಯೋ, ಅದನ್ನು ನೋಡಿ ಓದಿದೆಯೋ?

ಸಾರಿ
ನೀನಿಟ್ಟ ಹೆಸರೇ, ಬದಲಿಸಲು ಪುರುಸೊತ್ತಿಲ್ಲ.


ಆಗಸ್ಟ್ 9

ಸಾರಿ ಸುಂದರಿಗೆ,

ಮೊದಲನೇ ಸಾಲಲ್ಲೇ ಸಾರಿ. ಬಸ್ಸಲ್ಲಿ ಯಾರೋ ನಿನ್ನ ಕಾಲು ತುಳಿದ್ರೂ ನೀನೇ ಸಾರಿ ಅಂತೀಯ. ಸಾರಿನ ಹೀಗೆ ಪುಕ್ಕಟೆ ಹಂಚಿದ್ರೆ ಬೇಕಾದಾಗ ಕೈಯಲ್ಲಿ ಏನಿರತ್ತೆ?

ಜ್ವರ ಬಂದಿದ್ದು ನಿಜ. ಬಿಟ್ಟಿದ್ದೂ ನಿಜ. ಈಗ ಹಾಸಿಗೆಯಲ್ಲಿಲ್ಲ, ಅಪ್ಪನ ಚಪ್ಪಲಿ ಅಂಗಡೀಲಿದೀನಿ. ಕಾಲೇಜಿಂದ ಅಪ್ಪಂಗೆ ಕಾಗದ ಬಂತು. ಓದಿ ಮಡಚಿ ಜೇಬಿಗಿಟ್ಕೊಂಡು, "ಓದಿದ್ದು ಸಾಕು" ಅಂದ್ರು. ಅಷ್ಟೇ. ಬೈಲಿಲ್ಲ. ಬೈದಿದ್ರೆ ವಾದ ಮಾಡ್ತಿದ್ದೆ. ಬೆಳಗ್ಗಿಂದ ಸಂಜೆವರೆಗೂ ಬೇರೆಯವರ ಪಾದ ಅಳೀತೀನಿ. ಇಲ್ಲೂ ಸ್ಕೇಲೇ, ನೋಡು.

ನಿನ್ನ ಪ್ರಶ್ನೆಗೆ ಉತ್ತರ: ಕಣ್ಣಾರೆ ನೋಡಿ ಓದಿದೆ. ಸೊಂಟ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಬಲ್ಬಿನ ತಂತಿ ಎಳೆ ಎಳೆಯಾಗಿ ಕಾಣೋವರೆಗೂ ಪರದೆ ಸರಿಸಿ ಓದಿದೆ. ಪರದೆ ಮೇಲಿನ ಕಾಗದ ಅಂಟು ಬಿಟ್ಟು ಫ್ಯಾನ್ ಗಾಳಿಗೆ ಪಟಪಟ ಅಂತಿತ್ತು. ಪಕ್ಕದ ಮೇಜಿನ ಗಾಜಿನ ಇಟ್ಟಿಗೆ ತಂದು ಕಾಗದಕ್ಕೆ ಒರಗಿಸಿ ನಿಲ್ಲಿಸಿದೆ. ಪರದೆ ಸರಿಸಿದಾಗೆಲ್ಲ ಅದನ್ನೂ ಜೊತೇಲೇ ಸರಿಸಿದೆ. ಕದಿಯೋಳು ಇಷ್ಟು ಕಷ್ಟ ಪಡ್ತಾಳಾ?

ನೀನು ಒಂದು ಸಲವಾದ್ರೂ ತಲೆ ಎತ್ತಿದ್ರೆ ಕಾಣ್ತಿತ್ತು. ಎತ್ತಲಿಲ್ಲ. ನಿಮ್ಮ ಹಾಸ್ಟೆಲಲ್ಲಿ ತಲೆ ಎತ್ತೋದು ಕಲಿಸಲ್ಲ ಅನ್ಸತ್ತೆ.

ನಂಗೆ ಹೇಳಬೇಕಾದ್ದು ಇನ್ನೇನಾದ್ರೂ ಇದೆಯಾ? ಇದ್ರೆ ಬರಿ. ಇಲ್ದಿದ್ರೆ ಬೇಡ.

ಗುಡುಗು


ಹಾಸ್ಟೆಲ್
ಆಗಸ್ಟ್ 13

ಗುಡುಗು,

ಇನ್ನೇನಾದರೂ ಇದೆಯಾ ಅಂತ ಕೇಳಿದ್ದೀಯ. ಇದೆ. ನೀನು ಸುಳ್ಳು ಹೇಳುತ್ತಿದ್ದೀಯ.

ಆ ಗಾಜನ್ನು ನೀನು ತಂದಿಟ್ಟಿದ್ದು ನನಗೆ ನೆನಪಿದೆ, ನಾನೇನು ಅಷ್ಟು ಕುರುಡಿಯಲ್ಲ. ಮೂರು ಸೆಂಟಿಮೀಟರ್ ದಪ್ಪದ, ಒಂದು ಮೂಲೆ ಕಿತ್ತುಹೋದ ಹಳೆಯದು. ಬಿದ್ದು ಒಡೆದರೆ ನಾವೇ ಉತ್ತರ ಕೊಡಬೇಕಾಗುತ್ತದೆ ಅಂತ ಹೆದರಿದೆ. ಓದಲು ಶುರು ಮಾಡುವ ಮೊದಲೇ ನಾನು ಹೇಳಿದೆ, "ಗ್ಲಾಸ್ ತೆಗಿ." ನೀನು "ತೆಗ್ದೆ ಕಣೇ, ತೆಗ್ದೆ, ಪ್ರಾಣ ತಿನ್ಬೇಡ" ಅಂದೆ. ನಿನ್ನ ಚಪ್ಪಲಿಯ ಸದ್ದು ಕಿಟಕಿಯವರೆಗೆ ಹೋಗಿ ವಾಪಸ್ ಬಂದಿದ್ದೂ ಕೇಳಿಸಿತು. ಆಮೇಲೇ ನಾನು ಪೆನ್ ತೆಗೆದದ್ದು.

ತೆಗೆದೆ ಅಂತ ಅವತ್ತು ಹೇಳಿದವಳು ಇವತ್ತು ಅಲ್ಲೇ ಇತ್ತು ಅಂತೀಯ. ಯಾವುದೋ ಒಂದು ಸುಳ್ಳು. ಒಂದು ಸುಳ್ಳಾದರೆ ಉಳಿದದ್ದನ್ನು ಯಾಕೆ ನಂಬಲಿ? ಎಳೆ ಎಳೆಯಾಗಿ ಕಂಡಿತಂತೆ, ಒಂದು ಕಣ್ಣು ಮುಚ್ಚಿದಳಂತೆ. ಕಥೆ ಹೇಳುವುದರಲ್ಲಿ ನೀನು ಮೊದಲಿಂದಲೂ ಮುಂದು. ಚಿಕ್ಕಂದಿನಲ್ಲಿ ರಜೆಗೆ ನಿಮ್ಮ ಮನೆಗೆ ಬಂದಾಗ ಪ್ರತಿ ಸಲವೂ ನಾನು ಒಡೆಯದ ವಸ್ತುವನ್ನು ನಾನೇ ಒಡೆದದ್ದು ಅಂತ ನೀನು ಚಿಕ್ಕಪ್ಪನಿಗೆ ಹೇಳುತ್ತಿದ್ದೆ. ನಾನು ಸಾರಿ ಅನ್ನುತ್ತಿದ್ದೆ. ಅಲ್ಲಿಂದಲೇ ಈ ಹೆಸರು.

ಈ ಸಲ ನಿನ್ನ ಬದಲು ನಾನು ಸಾರಿ ಅನ್ನುವುದಿಲ್ಲ. ನೀನೇ ಓದಿದವಳು, ನೀನೇ ಬಂದು ಹೇಳು.

ಸಾರಿ


ಆಗಸ್ಟ್ 17

ದೊಡ್ಡಮ್ಮನ ಮಗಳಿಗೆ,

ನಿನ್ನ ಕಾಗದ ಓದಿ ಅಂಗಡೀಲಿ ಗಟ್ಟಿಯಾಗಿ ನಕ್ಕೆ. ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕ್ಕೊಂಡಿದ್ದ ಗಿರಾಕಿ ಹೆದರಿಕೊಂಡ್ರು.

ಗ್ಲಾಸ್ ತೆಗಿ ಅಂತ ನೀನಂದೆ. ತೆಗ್ದೆ. ನಿನ್ನ ಗ್ಲಾಸು. ನೀರು ಕುಡಿಯೋ ಗ್ಲಾಸು. ಹೆದರಿಕೆಯಾದಾಗೆಲ್ಲ ಗುಟುಕು ಗುಟುಕು ಕುಡೀತೀಯಲ್ಲ, ಅದೇ ಸ್ಟೀಲ್ ಗ್ಲಾಸು. ತುಂಬಾ ನೀರಿಟ್ಕೊಂಡು ನೀನು ಅದನ್ನ ಸ್ಕೇಲ್ ಪಕ್ಕಾನೇ ಇಟ್ಟಿದ್ದೆ. ಚೆಲ್ಲತ್ತೆ ಅಂತ ನಿಂಗೆ ಭಯ ಆಯ್ತು ಪಾಪ, ಸರಿ, ಅಂತ ನಾನೇ ಎತ್ತಿ ಕಿಟಕಿ ಕಟ್ಟೆ ಮೇಲೆ ಇಟ್ಟೆ. ಹೋಗಿ ನೋಡು, ಯಾರೂ ಎತ್ಕೊಂಡಿಲ್ದಿದ್ರೆ ಅಲ್ಲೇ ಇರತ್ತೆ. ನಮ್ಮ ಮನೇಲಿ, ನಮ್ಮ ಬೀದೀಲಿ, ನಂಗೆ ಗೊತ್ತಿರೋ ಇಡೀ ಪ್ರಪಂಚದಲ್ಲಿ ಗ್ಲಾಸ್ ಅಂದ್ರೆ ನೀರು ಕುಡಿಯೋದು. ಸ್ಟೀಲಿಂದಾದ್ರೂ ಗ್ಲಾಸೇ. ಗಾಜಿನ ಇಟ್ಟಿಗೆ ಬೇಡ ಅಂತಿದ್ರೆ ಬಾಯಿ ಬಿಟ್ಟು ಗಾಜು ಅನ್ನಬೇಕಿತ್ತು. ಪ್ರಯೋಗ ಮುಗಿದ ಮೇಲೆ ನೀನು ಸಹಿ ಹಾಕಿಸೋಕೆ ಓಡಿದೆ, ಇಟ್ಟಿಗೆನ ವಾಪಸ್ ಡಬ್ಬಿಗೆ ಹಾಕಿದ್ದು ನಾನು. ಅಷ್ಟೇ ಕಥೆ. ಇಷ್ಟ ಇದ್ರೆ ನಂಬು.

ಈಗ ನಂದೊಂದು. ಇನ್ನೇನಾದ್ರೂ ಹೇಳೋದಿದೆಯಾ ಅಂತ ಹೋದ ಸಲ ಸುಮ್ಮನೆ ಕೇಳಲಿಲ್ಲ. ನೀನು ಬರ್ಕೊಟ್ಟ ಹೇಳಿಕೆ ಪ್ರತಿ, ಅಪ್ಪಂಗೆ ಕಾಲೇಜಿಂದ ಬಂದ ಕಾಗದದ ಜೊತೇಲೇ ಬಂದಿತ್ತು. ನಿನ್ನ ಮೊದಲನೇ ಕಾಗದ ಬರೋ ಮುಂಚೆನೇ ನಾನು ಓದಿದ್ದೆ. ನಂಬರ್ ಬ್ಲಾಕ್ ಮಾಡಿದ್ದು ಅದಕ್ಕೇ. "ಅವಳು ಓದಿ ಹೇಳಿದಳು, ನಾನು ಬರೆದೆ. ಅವಳು ಎಲ್ಲಿ ನೋಡಿ ಓದಿದಳು ಎಂದು ನಾನು ನೋಡಲಿಲ್ಲ. ಸೀನಿಯರ್ ರೆಕಾರ್ಡ್ ಅವಳ ಬಳಿ ಇತ್ತು." ಇಂಗ್ಲಿಷಲ್ಲಿ ಏನು ನುಣುಪಾಗಿ ಬರ್ದಿದ್ದೀಯ! ಒಂದಕ್ಷರ ಸುಳ್ಳಿಲ್ಲ. ಅಪ್ಪನ ಕೈಲಿ ನನ್ನ ಓದು ನಿಲ್ಲಿಸೋಕೆ ಅಷ್ಟು ಸಾಕಾಯ್ತು.

ನೀನು ಎರಡು ಕಾಗದ ಬರೆದೆ. ಎರಡರಲ್ಲೂ ಅದರ ಬಗ್ಗೆ ಉಸಿರಿಲ್ಲ. ಕಾದು ನೋಡಿದೆ. ಇನ್ನು ಕಾಯಲ್ಲ. ಇನ್ನು ಬರೀಬೇಡ.


ಹಾಸ್ಟೆಲ್
ಆಗಸ್ಟ್ 26

ಗುಡುಗು,

ಬರೆಯಬೇಡ ಅಂದ ಮೇಲೂ ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಹರಿದು ಹಾಕು, ಆದರೆ ಓದಿ ಹರಿ.

ಹೇಳಿಕೆಯ ಬಗ್ಗೆ ಬರೆಯಲಿಲ್ಲ, ನಿಜ. ನಿನಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ. ಮೊದಲು ನಿನ್ನಿಂದ ಉತ್ತರ ಬರಲಿ, ಆಮೇಲೆ ಹೇಳೋಣ ಅಂದುಕೊಂಡಿದ್ದೆ. ಎರಡೂ ಹೇಡಿಯ ಲೆಕ್ಕ. ನೀನು ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಬರೆದದ್ದು ಯಾವ ಲೆಕ್ಕ ಅಂತ ನಾನು ಕೇಳುವುದಿಲ್ಲ.

ನಿನ್ನ ಕಾಗದ ಬಂದ ದಿನ ಲ್ಯಾಬಿಗೆ ಹೋದೆ. ಕಿಟಕಿ ಕಟ್ಟೆಯ ಮೇಲೆ, ಪರದೆ ಬಟ್ಟೆಯ ಹಿಂದೆ, ನನ್ನ ಲೋಟ ಇತ್ತು. ಕಳೆದುಹೋಯಿತು ಅಂತ ವಾರ್ಡನ್ ಹತ್ತಿರ ಬೈಸಿಕೊಂಡಿದ್ದೆ. ನೀರು ಆವಿಯಾಗಿ ತಳದಲ್ಲಿ ಬಿಳಿ ಗೆರೆ ಉಳಿದಿತ್ತು, ಒಂದು ಸತ್ತ ಸೊಳ್ಳೆಯೂ ಇತ್ತು. ಚಿಕ್ಕಂದಿನ ಹಾಸ್ಟೆಲಿನ ಮೇಟ್ರನ್, ಸ್ಟೀಲಿನದ್ದಕ್ಕೆ ಗ್ಲಾಸ್ ಅಂದರೆ ಊಟದ ಸಾಲಿನಿಂದ ಎಬ್ಬಿಸುತ್ತಿದ್ದರು. "ಟಂಬ್ಲರ್ ಅನ್ನು, ಹತ್ತು ಸಲ ಅನ್ನು." ಹಾಗೆ ಕಲಿತವಳಿಗೆ ಗ್ಲಾಸ್ ಅಂದರೆ ಗಾಜು ಬಿಟ್ಟು ಬೇರೇನೂ ಅಲ್ಲ. ನಿನಗೆ ಅದು ಬೇರೇನೋ ಆಗಬಹುದು ಅಂತ ನನಗೆ ಹೊಳೆಯಲೇ ಇಲ್ಲ.

ಸ್ಕೇಲ್ ಸರ್ ಹತ್ತಿರ ಹೋಗಿ, "ಸರ್, ಅವತ್ತು ಪರದೆಗೆ ಗಾಜಿನ ಸ್ಲ್ಯಾಬ್ ಒರಗಿಸಿತ್ತಂತೆ" ಅಂದೆ.

"ಇದ್ರೆ? ಗಾಜಲ್ಲಿ ಬೆಳಕು ಆ ಕಡೆಯಿಂದ ಈ ಕಡೆ ಬರತ್ತೆ. ಬಾ ತೋರಿಸ್ತೀನಿ."

ಮಸೂರವನ್ನು ಕಿಟಕಿಯ ಕಡೆ ತಿರುಗಿಸಿ, ಮೈದಾನದ ಆಚೆ ತುದಿಯ ಮರವನ್ನು ಕಾಗದದ ಮೇಲೆ ಬೀಳಿಸಿದರು. ತಲೆಕೆಳಗಾದ ಪುಟ್ಟ ಮರ. ಆಮೇಲೆ ಅದೇ ಮೂಲೆ ಕಿತ್ತುಹೋದ ಗಾಜನ್ನು ಕಿಟಕಿಗೂ ಮಸೂರಕ್ಕೂ ಮಧ್ಯೆ ಹಿಡಿದರು. ಮರ ಅಲ್ಲಾಡಲಿಲ್ಲ. ಒಂದು ಎಲೆಯೂ ಮಸುಕಾಗಲಿಲ್ಲ.

"ನೋಡಿದ್ಯಾ? ನಿನ್ನ ಗಾಜು ಏನ್ ಮಾಡ್ತು? ಹೋಗಮ್ಮ, ಬೇರೆ ನೆಪ ಹುಡುಕು."

ಅಳುತ್ತಾ ಕೋಣೆಗೆ ಬಂದೆ. ನೀನು ಸುಳ್ಳಿಯೇ ಅಂತ ಮತ್ತೆ ಖಾತ್ರಿಯಾಯಿತು. ಎರಡು ದಿನ ನಿನ್ನನ್ನು ಮನಸಾರೆ ಬೈದೆ. ಆಮೇಲೆ ಚಿತ್ರ ಬರೆಯಲು ಕೂತೆ. ಬಹಳ ದೂರದ ಮರದಿಂದ ಬರುವ ಕಿರಣಗಳು ಇಲ್ಲಿಗೆ ಮುಟ್ಟುವ ಹೊತ್ತಿಗೆ ಒಂದಕ್ಕೊಂದು ಸಮಾನಾಂತರ. ಗಾಜು ಅವನ್ನು ಸ್ವಲ್ಪ ಪಕ್ಕಕ್ಕೆ ತಳ್ಳಬಹುದು, ಆದರೆ ಹೊರಗೆ ಬರುವಾಗ ಅವು ಸಮಾನಾಂತರವಾಗಿಯೇ ಬರುತ್ತವೆ. ಮಸೂರಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ. ದೂರದಲ್ಲಿರುವವರಿಗೆ ಏನೂ ತಟ್ಟುವುದಿಲ್ಲ, ಮರಕ್ಕೂ ಅಷ್ಟೇ, ನಿನಗೂ ಅಷ್ಟೇ ಅಂತ ಅಂಚಿನಲ್ಲಿ ಬರೆದೆ. ಆದರೆ ನೀನು ಗಾಜು ಇಟ್ಟದ್ದು ಆ ಕಡೆ ಅಲ್ಲವಲ್ಲ! ಈ ಕಡೆ, ಪರದೆಯ ಕಡೆ. ಅಲ್ಲಿ ಕಿರಣಗಳು ಒಂದು ಬಿಂದುವಿಗೆ ಓರೆಯಾಗಿ ಸೇರುತ್ತಾ ಬರುತ್ತಿರುತ್ತವೆ. ಗಾಜಿನೊಳಗೆ ಆ ಓರೆ ಕಡಿಮೆಯಾಗುತ್ತದೆ, ಸೇರುವುದು ತಡವಾಗುತ್ತದೆ. ಬಿಂಬ ಮುಂದಕ್ಕೆ ಹೋಗುತ್ತದೆ. ಎಷ್ಟು? ಈ ಜಾತಿಯ ಗಾಜಿಗೆ ದಪ್ಪದ ಮೂರನೇ ಒಂದು ಭಾಗ. ಗಾಜು ಮೂರು ಸೆಂಟಿಮೀಟರ್. ಮೂರರಲ್ಲಿ ಒಂದು ಭಾಗ ಅಂದರೆ ಒಂದು. ಬಲ್ಬ್ ಎಲ್ಲೇ ಇರಲಿ, ಒಂದೇ.

ಮಾರನೇ ದಿನ ಮತ್ತೆ ಹೋದೆ. "ಸರ್, ಆ ಕಡೆ ಅಲ್ಲ, ಈ ಕಡೆ."

"ಎಲ್ಲಿಟ್ರೂ ಅದೇ ಗಾಜು ತಾನೆ?"

"ಒಂದೇ ಒಂದ್ಸಲ ಸರ್."

ಪರದೆಯ ಮುಂದೆ ಗಾಜು ಒರಗಿಸಿದರು. ಮರ ಕರಗಿ ಹಸಿರು ಗೊಜ್ಜಾಯಿತು. ಪರದೆಯನ್ನು ಗಾಜಿನ ಸಮೇತ ಹಿಂದಕ್ಕೆ ಸರಿಸಿದರು. ಸರಿಯಾಗಿ ಒಂದು ಸೆಂಟಿಮೀಟರಿಗೆ ಮರ ವಾಪಸ್ ಬಂತು. ಬಲ್ಬ್ ತಂದರು. ನಲವತ್ತಕ್ಕೆ ನಲವತ್ತೊಂದು. ಅರವತ್ತಕ್ಕೆ ಮೂವತ್ತೊಂದು. ಅವರು ಸ್ಕೇಲನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಅವರ ಕೈ ಖಾಲಿ ಇದ್ದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಆಮೇಲೆ ಅಂದರು: "ಇವತ್ತು ಇಟ್ರೆ ಒಂದು ಸೆಂಟಿಮೀಟರ್ ಮುಂದೆ ಹೋಯ್ತು, ಒಪ್ತೀನಿ. ಅವತ್ತು ಇಟ್ಟಿದ್ರಿ ಅನ್ನೋಕೆ ಯಾರು ಸಾಕ್ಷಿ? ಮೇಜಿನ ಮೇಲೆ ಏನೇನಿತ್ತು ಅಂತ ಕೇಳಿದ್ದಕ್ಕೆ ನೀನೇ ಬರ್ಕೊಟ್ಟಿದ್ದೀಯ, 'ಗ್ಲಾಸ್ ಇತ್ತು, ತೆಗೆಸಿದೆ' ಅಂತ. ಈಗ ಲೆಕ್ಕ ಹಾಕಿ ಗಾಜು ತಂದ್ರೆ ಕಮಿಟಿ ನಂಬತ್ತಾ? ಇಟ್ಟೋಳು ಬಂದು ಹೇಳಲಿ."

ಇಟ್ಟವಳು ನೀನು. ಸೆಪ್ಟೆಂಬರ್ ಹನ್ನೆರಡಕ್ಕೆ ವಿಚಾರಣೆಗೆ ಬಾ. ನಿನ್ನ ಮೇಲಿನ ಕಳಂಕವೂ ಹೋಗುತ್ತದಲ್ಲ. ಕೇಳಿಕೊಳ್ಳುತ್ತಿದ್ದೇನೆ.

ಸಾರಿ


ಆಗಸ್ಟ್ 30

ದೊಡ್ಡಮ್ಮನ ಮಗಳಿಗೆ,

ಮೂರು ಪುಟ ಮರ, ಬಲ್ಬು, ಗಾಜು. ಹೇಳಿಕೆಗೆ ಐದು ಸಾಲು.

ನಿಂಗೆ ಈಗ ನನ್ನ ಮಾತು ಬೇಕು, ಅದಕ್ಕೆ ನಾನು ನಿಜ ಹೇಳೋಳು. ಲೆಕ್ಕ ಸರಿಹೋಗದಿದ್ದ ಎರಡು ದಿನ ಸುಳ್ಳಿ. ನನ್ನ ನಂಬೋಕೆ ನಿಂಗೆ ಗಾಜಿನ ದಪ್ಪ ಅಳೀಬೇಕಾಯ್ತು. ನಾವಿಬ್ರೂ ಒಂದೇ ತಟ್ಟೇಲಿ ಉಂಡಿದ್ದೀವಿ ಕಣೇ.

ನಾನು ಬಂದು ಸಾಕ್ಷಿ ಹೇಳಿ, ನೀನು ಪಾರಾಗಿ, ಆಮೇಲೆ "ಸಾರಿ ಸರ್, ಹೇಳಿಕೇಲಿ ಸ್ವಲ್ಪ ಎಡವಟ್ಟಾಗಿತ್ತು" ಅಂತ ನೀನು ಕತ್ತು ಓರೆ ಮಾಡಿ ಹೇಳೋದು, ಎಲ್ಲಾ ಕಣ್ಮುಂದೆ ಕಾಣ್ತಿದೆ. ಆಗಲ್ಲ. ಮೊದಲು ನೀನು ಹೇಳಿಕೆ ವಾಪಸ್ ತಗೋ. ನಾನು ಬರ್ತೀನೋ ಇಲ್ವೋ ಗೊತ್ತಾಗೋಕೆ ಮುಂಚೆ. ಏನು ಮಾಡಿದೆ ಅಂತ ಬಿಡಿಸಿ ಬರಿ. ಅದರ ಪ್ರತಿ ಅಪ್ಪಂಗೆ ಬರಲಿ, ಮೊದಲನೇದು ಬಂದ ಹಾಗೇ.

ಆಮೇಲೆ ಬರ್ತೀನಿ ಅಂತ ನಾನು ಹೇಳ್ತಿಲ್ಲ. ಅಪ್ಪ ಅಂಗಡಿ ಬೀಗದ ಕೈ ನನ್ನ ಕೈಗೆ ಕೊಟ್ಟಿದಾರೆ. ಆಮೇಲೆ ಯೋಚನೆ ಮಾಡ್ತೀನಿ ಅಂತ ಹೇಳ್ತಿದೀನಿ, ಅಷ್ಟೇ.

ಗುಡುಗು


ಹಾಸ್ಟೆಲ್
ಸೆಪ್ಟೆಂಬರ್ 3

ಗುಡುಗು,

ಈ ಕಾಗದದಲ್ಲಿ ಸಾರಿ ಇಲ್ಲ. ಹುಡುಕಬೇಡ.

ಇವತ್ತು ಬೆಳಗ್ಗೆ ಎಚ್‌ಓಡಿ ಮೇಡಂ ಕೋಣೆಗೆ ಹೋಗಿ ಮೊದಲ ಹೇಳಿಕೆ ವಾಪಸ್ ತೆಗೆದುಕೊಂಡು ಹೊಸದು ಕೊಟ್ಟೆ. ಲೋಟವನ್ನೂ ಒಯ್ದಿದ್ದೆ, ತೊಳೆಯದೆ. ಮೇಡಂ ಸೊಳ್ಳೆ ನೋಡಿ ಮುಖ ಸಿಂಡರಿಸಿದರು.

"ಮೊದಲ್ನೇದು ಇಂಗ್ಲಿಷಲ್ಲಿ ಬರ್ದಿದ್ದೆ. ಇದ್ಯಾಕೆ ಕನ್ನಡದಲ್ಲಿ? ಅದೂ ಇಷ್ಟು ತಪ್ಪಲ್ಲಿ?"

"ಇಂಗ್ಲಿಷಲ್ಲಿ ಲೋಟಕ್ಕೂ ಗಾಜಿಗೂ ಗ್ಲಾಸ್ ಅಂತಾನೇ ಬಂದ್ಬಿಡತ್ತೆ ಮೇಡಂ."

ಅವರು ಓದಿದರು. ನಾನು ಬರೆದದ್ದು ಇಷ್ಟು: "ತೆಗೆಸಿದ್ದು ಸ್ಟೀಲ್ ಲೋಟ. ಗಾಜಿನ ಇಟ್ಟಿಗೆ ಪ್ರಯೋಗ ಮುಗಿಯುವವರೆಗೂ ಪರದೆಗೆ ಒರಗಿಕೊಂಡೇ ಇತ್ತು ಎಂದು ನನ್ನ ಜೊತೆಯವಳು ಹೇಳುತ್ತಾಳೆ. ನಾನು ನೋಡಲಿಲ್ಲ, ಆದರೆ ನಂಬುತ್ತೇನೆ. ಅವಳು ರೆಕಾರ್ಡ್ ನೋಡಿ ಓದಿದ್ದನ್ನು ನಾನು ಕಂಡಿಲ್ಲ. ಕಂಡಿಲ್ಲವೆಂದು ಗೊತ್ತಿದ್ದೂ ಕಂಡ ಹಾಗೆ ಅನಿಸುವಂತೆ ಬರೆದೆ. ಹೆದರಿಕೆಯಿಂದ ಬರೆದೆ. ತಪ್ಪು ನನ್ನದು." ಪ್ರತಿ ಚಿಕ್ಕಪ್ಪನಿಗೆ ಕಳಿಸಿ ಅಂತ ಕೆಳಗೆ ಅಂಗಡಿಯ ವಿಳಾಸ ಹಾಕಿದೆ. ನನ್ನೆದುರೇ ಲಕೋಟೆಗೆ ಹಾಕಿದರು.

"ಅವಳು ಬರ್ತಾಳಾ?" ಅಂದರು.

"ಗೊತ್ತಿಲ್ಲ ಮೇಡಂ."

"ಬರ್ದೇ ಇದ್ರೆ ನಿನ್ನ ಮೇಲೆ ಒಂದಲ್ಲ, ಎರಡು. ಕಾಪಿ ಹೊಡೆದಿದ್ದೊಂದು, ಹೇಳಿಕೆ ತಿರುಚಿದ್ದೊಂದು. ಗೊತ್ತಿದ್ದೇ ಕೊಡ್ತಿದ್ದೀಯಾ?"

"ಹೌದು ಮೇಡಂ."

"ಬುದ್ಧಿ ಇದ್ಯಾ ನಿಂಗೆ?" ಅಂತ ಕೇಳಿ, ನಿಜವಾಗಿ ಉತ್ತರ ಬೇಕಿದ್ದವರ ಹಾಗೆ ಕಾದರು. ಹೊರಗೆ ಬಂದು ಲೋಟಕ್ಕಾಗಿ ಚೀಲ ತಡಕಿದೆ. ಕುಡಿಯಲು ನೀರೂ ಇರಲಿಲ್ಲ, ಲೋಟ ಅವರ ಮೇಜಿನ ಮೇಲೇ ಉಳಿಯಿತು.

ಇಷ್ಟು ಮಾಡಿದೆ ಅಂತ ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ನೀನು ಎರಡು ಕಾಗದದವರೆಗೆ ನನ್ನನ್ನು ಬಲೆಯಲ್ಲಿ ಕೂರಿಸಿ ನೋಡಿದ್ದು ನಾನು ಮರೆಯುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡದ್ದು ನನಗೂ ನೆನಪಿದೆ. ಅದು ಒಡೆದದ್ದೂ, ಯಾರ ಮೇಲೆ ಬಂತೆಂಬುದೂ ನೆನಪಿದೆ. ನೀನು ಬಂದರೆ ಮಾತಾಡಿಸಬೇಕಾಗಿಲ್ಲ. ಕಮಿಟಿಯ ಮುಂದೆ ನಿಂತು, ಗಾಜು ಎಲ್ಲಿತ್ತು ಅಂತ ಕೈ ತೋರಿಸಿ, ಅದೇ ಬಸ್ಸಿಗೆ ವಾಪಸ್ ಹೋಗು. ಈ ಸಲ ನಾನು ತಲೆ ಎತ್ತಿ ನೋಡುತ್ತಿರುತ್ತೇನೆ.

ಹನ್ನೆರಡನೇ ತಾರೀಖು, ಬೆಳಗ್ಗೆ ಹತ್ತಕ್ಕೆ. ಬರುವುದಾದರೆ ಬರುತ್ತೇನೆ ಅಂತ ಬರಿ. ಬರುವುದಿಲ್ಲವಾದರೆ ಅದನ್ನೂ ಬರಿ, ಪೆಟ್ಟಿಗೆ ಕಟ್ಟಿಕೊಳ್ಳಲು ನನಗೆ ಹೊತ್ತು ಬೇಕು. ಎರಡರಲ್ಲಿ ಯಾವುದಾದರೂ ಸರಿ, ಬೇಗ ಉತ್ತರ ಬರಿ.